ಸಂಘಕ್ಕೆ ಯಾವ ಗಾಡಿ?

(ದಿಂಡೋರಿಯಲ್ಲಿ ಸೇರಿದ್ದ ಹೋಟೆಲು ಕಾಮಗಾರರ ಸಭೆಯಲ್ಲಿ ಮಾಡಿದ ಭಾಷಣ)



ಮಧ್ಯಾಹ್ನದ ಊಟದ ಗಿರಾಕಿ ಮುಗಿದು ಸಂಜೆಯ ಚಹಾಕ್ಕೆ ನೀರಿಡುವ ತನಕ ನಮಗೆ ಸಿಗುವುದು ಎರಡು ಗಂಟೆಯ ಬಿಡುವು. ಆ ಬಿಡುವಿನ ನಿದ್ದೆಯನ್ನು ಬಿಟ್ಟು ತಾವೆಲ್ಲ ಇಲ್ಲಿಗೆ ಬಂದಿದ್ದೀರಿ. ನಾಸಿಕದಿಂದ, ವಣಿಯಿಂದ, ಪಿಂಪಳಗಾಂವದಿಂದ ಬಸ್ಸು ಹಿಡಿದು ಬಂದವರೂ ಇದ್ದಾರೆ. ಆದ್ದರಿಂದ ಸುತ್ತು ಮಾತು ಬೇಡ. ನಮ್ಮ ವಾಹನ ನಿಧಿಯಿಂದ ಯಾವ ಗಾಡಿ ಕೊಳ್ಳುವುದು ಎಂಬ ಪ್ರಶ್ನೆಗೆ ಇವತ್ತು ಉತ್ತರ ಬೇಕು. ಕಮಿಟಿಯವರು ಎರಡೂ ಗಾಡಿಗಳನ್ನು ನೋಡಿ ಬರಲು ನನ್ನನ್ನು ಕಳಿಸಿದ್ದರು. ನೋಡಿದ್ದನ್ನೂ ವಿಚಾರಿಸಿ ತಿಳಿದದ್ದನ್ನೂ ತಮ್ಮ ಮುಂದೆ ಇಡುತ್ತೇನೆ.

ಮೊದಲು ಹಣದ ಮಾತು. ನೂರ ಇಪ್ಪತ್ತು ಮಂದಿ ತಿಂಗಳಿಗೆ ನೂರು ರೂಪಾಯಿಯಂತೆ ಎರಡು ವರ್ಷ ಹಾಕಿದ್ದು 2,88,000 ರೂಪಾಯಿ. ಪತಪೇಢಿಯ ಬಡ್ಡಿ ಸೇರಿ ಹತ್ತಿರ ಹತ್ತಿರ ಮೂರು ಲಕ್ಷ. ಈ ನೂರು ರೂಪಾಯಿ ಎಂಥದ್ದೆಂದು ನನಗೆ ಗೊತ್ತು. ಊರಿಗೆ ಕಳಿಸುವ ಹಣದಿಂದ ಅದು ಕಡಿಮೆಯಾಗಿದೆ. ಮೇಜು ಒರೆಸುವ ಹುಡುಗರು ಟಿಪ್ಸಿನ ಚಿಲ್ಲರೆ ಕೂಡಿಸಿ ತಂದುಕೊಟ್ಟದ್ದನ್ನು ಎಣಿಸಿ ರಸೀದಿ ಬರೆದವನೇ ನಾನು. ಹಾಗಿರುವಾಗ ಈ ಹಣ ಒಂದು ಮಳೆಗಾಲ ಓಡಿ ಗ್ಯಾರೇಜಿನ ಮೂಲೆಯಲ್ಲಿ ನಿಲ್ಲುವ ಗಾಡಿಗೆ ಹೋಗಕೂಡದು.

ಗಾಡಿ ಯಾತಕ್ಕೆ ಬೇಕಾಯಿತು ಎಂಬುದನ್ನೂ ಮರೆಯಬಾರದು. ದಿಂಡೋರಿಯಿಂದ ನಾಸಿಕಕ್ಕೆ ಇಪ್ಪತ್ತೈದು ಕಿಲೋಮೀಟರಿನ ದಾರಿ. ವಣಿಯ ಕಡೆಯಿಂದಾದರೆ ನಲವತ್ತಕ್ಕೆ ಮೇಲೆ. ಹಗಲಿನಲ್ಲಿ ಬಸ್ಸುಂಟು. ರಾತ್ರಿ ಹನ್ನೊಂದು ದಾಟಿದ ಮೇಲೆ, ಹೋಟೆಲಿನ ಬಾಗಿಲು ಎಳೆದ ಮೇಲೆ, ಜ್ವರ ಬಂದವನಿಗೆ, ಹಾವು ಕಚ್ಚಿದವನಿಗೆ, ಕಾದ ಎಣ್ಣೆ ಚೆಲ್ಲಿಕೊಂಡವನಿಗೆ ಏನುಂಟು? ಎರಡು ಮಳೆಗಾಲದ ಹಿಂದೆ ಈ ರಸ್ತೆಯ ಒಂದು ಹೋಟೆಲಿನಲ್ಲಿ ಕಡಾಯಿ ಮಗುಚಿ ನಮ್ಮ ಕುಂದಾಪುರದ ಕಡೆಯ ಹುಡುಗನೊಬ್ಬನ ಎರಡೂ ಕಾಲು ಸುಟ್ಟವು. ಅವನನ್ನು ನಾಸಿಕಕ್ಕೆ ಒಯ್ದದ್ದು ಟೊಮೇಟೊ ಕ್ರೇಟು ತುಂಬಿದ ಟೆಂಪೋದ ಹಿಂದುಗಡೆ, ಮೇಲೆ ತಾಡಪಾಲು ಹಿಡಿದುಕೊಂಡು. ಆ ಟೆಂಪೋದವ ಒಂದು ರೂಪಾಯಿ ಕೇಳಲಿಲ್ಲ. ಅವನ ಉಪಕಾರ ದೊಡ್ಡದು. ಆದರೆ ಪ್ರತಿ ಸಲ ಟೆಂಪೋ ಸಿಕ್ಕೀತೆಂದು ನಂಬಿ ಕೂರುವಂತಿಲ್ಲ. ವಾಹನ ನಿಧಿ ಹುಟ್ಟಿದ್ದು ಅದರ ಮರುವಾರ.

108ಕ್ಕೆ ಫೋನು ಮಾಡಬಾರದೇ ಎಂದು ಕೆಲವರು ಕೇಳಿದರು. ಮಾಡಲೇಬೇಕು. ಮಹಾರಾಷ್ಟ್ರದಲ್ಲಿ 2014ರಲ್ಲಿ ಶುರುವಾದ ಈ ಆಂಬುಲೆನ್ಸ್ ವ್ಯವಸ್ಥೆ ಬಡವನ ಪಾಲಿಗೆ ಬಹಳ ದೊಡ್ಡದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಎದೆನೋವು, ಬೆನ್ನುಮೂಳೆಯ ಪೆಟ್ಟು, ಎಲುಬು ಮುರಿತ, ಇವುಗಳಲ್ಲಿ ರೋಗಿಯನ್ನು ನಾವೇ ಎತ್ತಿ ಕಾರಿನೊಳಗೆ ತುರುಕುವುದು ತಪ್ಪು; ಮೊದಲು 108. ನಮ್ಮ ಗಾಡಿ ಬೇಕಾಗುವುದು ಉಳಿದ ನೂರು ತರದ ಕಷ್ಟಕ್ಕೆ. ನಡುರಾತ್ರಿಯ ಜ್ವರ, ಮರುದಿನದ ಡ್ರೆಸಿಂಗು, ಸಾತ್ಪುರದ ಇಎಸ್ಐ ಆಸ್ಪತ್ರೆಗೆ ಹೋಗಿ ಬರುವುದು, ತಾಯಿ ತೀರಿಕೊಂಡ ಸುದ್ದಿ ಬಂದವನನ್ನು ಬೆಳಗಿನ ರೈಲಿಗೆ ಮುಟ್ಟಿಸುವುದು, ಇಂಥವು. (ಇಎಸ್ಐ ಎಂದಾಗ ಒಂದು ಮಾತು: ಇಲ್ಲಿ ಕೂತವರಲ್ಲಿ ಎಷ್ಟು ಮಂದಿಯ ಬಳಿ ಕಾರ್ಡಿದೆ? ಕೈ ಎತ್ತಿ. ಅದರ ಮಾತು ಬೇರೆ ಸಭೆಗೆ ಇರಲಿ. ಆದರೆ ಆ ಸಭೆ ಬೇಗ ಆಗಬೇಕು.)

ಈಗ ಗಾಡಿಗಳು. ಮೊದಲನೆಯದು 1989ನೇ ಇಸವಿಯ ಪ್ರೀಮಿಯರ್ ಪದ್ಮಿನಿ. ಇದೇ ತಾಲೂಕಿನ ಒಂದು ದ್ರಾಕ್ಷಿ ತೋಟದ ಮನೆಯವರದು. ಬಿಳಿ ಬಣ್ಣ, ಒಬ್ಬರ ಕೈಯಲ್ಲೇ ಬೆಳೆದ ಗಾಡಿ, ಶೆಡ್ಡಿನಲ್ಲಿ ಬಟ್ಟೆ ಮುಚ್ಚಿ ಇಟ್ಟದ್ದು. ಕೇಳುವ ಬೆಲೆ 1,60,000. ಎರಡನೆಯದು 2020ರ ಮಾರುತಿ ಈಕೋ, ಐದು ಸೀಟಿನದು, ಪೆಟ್ರೋಲಿನದು. ನಾಸಿಕದ ಒಬ್ಬ ಬಟ್ಟೆ ವ್ಯಾಪಾರಿಯ ಮನೆಬಳಕೆಯದು. ಕೇಳುವ ಬೆಲೆ 3,75,000. ಹೆಸರು ಬದಲಾವಣೆ, ವಿಮೆ, ಟೈರು ಎಂದು ಹದಿನೈದು ಸಾವಿರ ಸೇರಿಸಿದರೆ ನಮ್ಮ ನಿಧಿಗೆ 90,000 ಕಡಿಮೆ ಬೀಳುತ್ತದೆ. ಪದ್ಮಿನಿ ಕೊಂಡರೆ ಒಂದು ಲಕ್ಷದ ಮೇಲೆ ಕೈಯಲ್ಲೇ ಉಳಿಯುತ್ತದೆ. ಪೇಚು ಇರುವುದು ಇಲ್ಲೇ.

ಪದ್ಮಿನಿಯ ಪರವಾಗಿ ಮಾತಾಡಿದವರು ನಮ್ಮ ಹಿರಿಯರೊಬ್ಬರು. ಮಿಲ್ಲಿನ ಅಣ್ಣ ಎಂದರೆ ಎಲ್ಲರಿಗೂ ಗೊತ್ತು. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾದಾಗ ಅವರು ಲೂಮಿನ ಮುಂದೆ ನಿಂತವರು. ಮುಷ್ಕರದ ನಂತರ ಗಿರಣಿಯ ಬಾಗಿಲು ಅವರಿಗೆ ತೆರೆಯಲಿಲ್ಲ. ಆ ಮೇಲೆ ಇಪ್ಪತ್ತು ವರ್ಷ ಅವರ ಮನೆಯ ಅನ್ನ ಬೇಯಿಸಿದ್ದು ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ. "ಕಾರ್ಬುರೇಟರಿನಲ್ಲಿ ಕಸ ಸಿಕ್ಕರೆ ಬಾಯಿಂದ ಊದಿ ಸರಿಮಾಡುತ್ತಿದ್ದೆ, ಪಾಯಿಂಟು ಕರಿಹಿಡಿದರೆ ಬೆಂಕಿಪೆಟ್ಟಿಗೆಯ ಬದಿಗೆ ಉಜ್ಜಿ ಹಾಕುತ್ತಿದ್ದೆ. ನಿಮ್ಮ ಹೊಸ ಗಾಡಿ ನಿಂತರೆ ಕಂಪ್ಯೂಟರು ತರಬೇಕಲ್ಲ ಮಾರಾಯ" ಎಂದು ಅವರು ಹೇಳಿದ್ದಾರೆ. ಇದು ಬರಿಯ ಹಳೇ ಪ್ರೀತಿಯ ಮಾತಲ್ಲ. ಮಾಲೀಕನ ದಯೆಗೆ ಕಾಯದೆ ತನ್ನ ಕೈಯಿಂದಲೇ ತನ್ನ ಯಂತ್ರವನ್ನು ಎಬ್ಬಿಸುವ ಕಾಮಗಾರನ ಮಾತು ಅದು. ಅದಕ್ಕೆ ತಕ್ಕ ಗೌರವದಿಂದಲೇ ಉತ್ತರ ಕೊಡಬೇಕು.

ಆ ಗಾಡಿಯ ವಂಶ ನಮಗೆ ದೂರದ್ದಲ್ಲ ಎಂಬುದು ಕೂಡ ತಿಳಿದಿರಲಿ. ಇಂಡಿಯಾದಲ್ಲಿ ಮೋಟಾರು ಕಾರು ತಯಾರಾಗಬೇಕೆಂದು 1935ರಲ್ಲಿ ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಸುತ್ತಿ ಬಂದು ಯೋಜನೆ ಬರೆದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅದಕ್ಕೆ ಬೆನ್ನು ಕೊಟ್ಟವರು ಸೋಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು. ಮೈಸೂರು ಸಂಸ್ಥಾನ ಸಹಾಯಕ್ಕೆ ಸಿದ್ಧವಾಗಿತ್ತು. ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ಬೆಂಗಳೂರಿನಲ್ಲಿ ಆಗಬೇಕಾಗಿದ್ದ ಕಾರು ಕಾರ್ಖಾನೆ ಆಗಲಿಲ್ಲ. ಬದಲಿಗೆ ಅದೇ ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನೂ 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನೂ ಕಟ್ಟಿದರು. ಪ್ರೀಮಿಯರ್‌ನವರು ಇಟಲಿಯ ಫಿಯಟ್ ಕಂಪೆನಿಯೊಂದಿಗೆ ಕೂಡಿ 1950ರ ದಶಕದಲ್ಲಿ ಫಿಯಟ್ ಕಾರು ಹೊರಡಿಸಿದರು. ಆ ದಶಕದ ಗುಂಡು ಮೂತಿಯ ಗಾಡಿಗೆ ಮುಂಬಯಿಯ ಜನ ಡುಕ್ಕರ್ ಫಿಯಟ್ ಎಂದು ಹೆಸರಿಟ್ಟರು. 1964ರಲ್ಲಿ ಬಂದ ಫಿಯಟ್ 1100 ಡಿಲೈಟ್ ಎಂಬ ಮಾದರಿಯೇ ಮುಂದೆ 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡಿತು. 1089 ಸಿಸಿಯ ನಾಲ್ಕು ಸಿಲಿಂಡರಿನ ಇಂಜಿನು, ಸ್ಟಿಯರಿಂಗಿನ ಬದಿಯಲ್ಲೇ ಗೇರಿನ ಹಿಡಿ, ಮುಂದೆ ಬೆಂಚಿನಂಥ ಉದ್ದ ಸೀಟು.

ಇಟಲಿಯವರು ಈ ಮಾದರಿಯನ್ನು 1960ರ ದಶಕದಲ್ಲೇ ಕೈಬಿಟ್ಟರು. ನಮ್ಮಲ್ಲಿ ಅದು 1990ರ ದಶಕದ ಕೊನೆಯ ತನಕ ಬಂತು. ಯಾಕೆ? ಲೈಸೆನ್ಸಿನ ಕಾಲ; ಕಾರು ಬೇಕಾದವನು ಹಣ ಕಟ್ಟಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕು. ಕಾಯುವ ಗಿರಾಕಿ ಇರುವಾಗ ಅಡುಗೆ ಸುಧಾರಿಸುವ ಹೋಟೆಲು ಎಲ್ಲಿದೆ? ಅತ್ತ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಡರ್ ಕಾರಿನ ಕತೆಯೂ ಅದೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ 1957-58ರಲ್ಲಿ ಶುರುವಾಗಿ 2014ರ ಮೇ ತಿಂಗಳವರೆಗೆ ನಡೆಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಗಿರಾಕಿಗೆ ಆಯ್ಕೆ ಸಿಕ್ಕಿತು, ಹಳೆಯ ಇಬ್ಬರಿಗೂ ಕೆಟ್ಟ ದಿನಗಳು ಬಂದವು. ಡಾಕ್ಟರ್ ದತ್ತಾ ಸಾಮಂತರ ಯೂನಿಯನ್ನು ಹೋರಾಡಿದ ಕುರ್ಲಾದ ಆ ಕಾರ್ಖಾನೆಯ ನೆಲದಲ್ಲಿ ಇಂದು ಬಹುಮಹಡಿ ಕಟ್ಟಡಗಳಿವೆ. ರಸ್ತೆಗೆ ಮಾತ್ರ ಪ್ರೀಮಿಯರ್ ರೋಡ್ ಎಂಬ ಹೆಸರು ಉಳಿದಿದೆ. ಗಿರಣಗಾಂವದಲ್ಲಿ ಮಿಲ್ಲಿನ ಚಿಮಣಿ ಇದ್ದ ಕಡೆ ಏನೇನು ಎದ್ದಿದೆ ಎಂಬುದನ್ನು ಈ ಪತ್ರಿಕೆ ಓದುವ ನಮ್ಮ ಮಿಲ್ಲು ಬಂಧುಗಳಿಗೆ ನಾನು ಹೇಳಬೇಕಾಗಿಲ್ಲ.

ಮುಂಬಯಿಯ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಅಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಆಯುಷ್ಯ ಎಂದು ಗೊತ್ತುಮಾಡಿದ್ದರಿಂದ 2023ರ ಅಕ್ಟೋಬರ್ ಕೊನೆಗೆ ಆ ಜಾತಿಯೇ ರಸ್ತೆಯಿಂದ ಇಳಿಯಿತು. ಆಗ ಜನ ಅದರ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಫೋಟೋ ತೆಗೆಸಿಕೊಂಡವರಲ್ಲಿ ಎಷ್ಟು ಮಂದಿ ಮೇ ತಿಂಗಳ ಸೆಕೆಯಲ್ಲಿ ಹನ್ನೆರಡು ತಾಸು ಅದರೊಳಗೆ ಕೂತಿದ್ದರು? ಮಿಲ್ಲಿನ ಅಣ್ಣ ಕೂತಿದ್ದರು. ಅವರಿಗೆ ಆ ಗಾಡಿಯ ಮೇಲೆ ಪ್ರೀತಿ ಇದ್ದರೆ ಅದು ದುಡಿದು ಸಂಪಾದಿಸಿದ ಪ್ರೀತಿ.

ಇನ್ನು ನಮ್ಮ ಲೆಕ್ಕಕ್ಕೆ ಬರೋಣ.

ಪೆಟ್ರೋಲು ಲೀಟರಿಗೆ ನೂರು ರೂಪಾಯಿ ಎಂದೇ ಹಿಡಿಯಿರಿ. ತಿಂಗಳಿಗೆ ಐನೂರು ಕಿಲೋಮೀಟರು ಓಡಿತೆನ್ನಿ. ಪದ್ಮಿನಿ ಲೀಟರಿಗೆ ಹನ್ನೊಂದು ಕಿಲೋಮೀಟರು ಕೊಟ್ಟರೆ ಸುಮಾರು 4,500 ರೂಪಾಯಿ. ಈಕೋ ಹದಿನಾಲ್ಕು ಕೊಟ್ಟರೆ ಸುಮಾರು 3,600. ವ್ಯತ್ಯಾಸ ವರ್ಷಕ್ಕೆ ಹನ್ನೊಂದು ಸಾವಿರದ ಹತ್ತಿರ. ಎರಡು ಗಾಡಿಗಳ ಬೆಲೆಯ ಅಂತರವೋ 2,15,000. ಬರಿಯ ಪೆಟ್ರೋಲಿನ ಉಳಿತಾಯದಿಂದ ಅದು ತುಂಬಿಬರಲು ಇಪ್ಪತ್ತು ವರ್ಷ ಬೇಕು. ಆದ್ದರಿಂದ ಮೈಲೇಜಿನ ಮಾತು ಹೇಳಿ ಹೊಸದು ಅಗ್ಗ ಎಂದು ಮಾರುವ ದಲಾಲಿಯ ಮಾತನ್ನು ನಾನು ಒಪ್ಪುವುದಿಲ್ಲ. ವಿಮೆಯಲ್ಲೂ ಅಂತರವಿಲ್ಲ; ಎರಡೂ ಸಾವಿರ ಸಿಸಿಯಿಂದ ಸಾವಿರದ ಐನೂರರೊಳಗಿನ ಗಾಡಿಗಳು, ಥರ್ಡ್ ಪಾರ್ಟಿ ವಿಮೆಗೆ 2022ರಲ್ಲಿ ಗೊತ್ತುಮಾಡಿದ ದರ ಎರಡಕ್ಕೂ 3,416 ರೂಪಾಯಿ.

ಅಂತರ ಶುರುವಾಗುವುದು ರಿಪೇರಿಯಲ್ಲಿ. ದಿಂಡೋರಿ ರಸ್ತೆಯ ಗ್ಯಾರೇಜಿನ ಮಿಸ್ತ್ರಿಯೊಬ್ಬರನ್ನು ಕೇಳಿದೆ. ತಿಂಗಳಿಗೆ ಐನೂರು ಕಿಲೋಮೀಟರು ಓಡಿಸಿದರೆ ಪದ್ಮಿನಿಗೆ ವರ್ಷಕ್ಕೆ ನಲವತ್ತು ಸಾವಿರ ಇಟ್ಟುಕೊಳ್ಳಿ, ಈಕೋಗೆ ಹದಿನೈದು ಎಂದರು. ಪೆಟ್ರೋಲಿನ ಹನ್ನೊಂದು ಸೇರಿಸಿದರೆ ವರ್ಷಕ್ಕೆ ಮೂವತ್ತಾರು ಸಾವಿರ. ಹಾಗಾದರೆ ಆರು ವರ್ಷದಲ್ಲಿ ಎರಡೂ ಸಮವಾಗುತ್ತವೆ. ಆದರೆ ಹಣಕ್ಕಿಂತ ದೊಡ್ಡ ಮಾತನ್ನು ಅದೇ ಮಿಸ್ತ್ರಿ ಹೇಳಿದರು: "ಕೆಲಸ ಒಂದು ತಾಸಿನದು, ಸಾಮಾನು ಸಿಗಲು ಎಂಟು ದಿನ." ಪದ್ಮಿನಿಯ ಬಿಡಿಭಾಗ ಬೇಕಾದರೆ ಕುರ್ಲಾದ ಸಿ.ಎಸ್.ಟಿ. ರಸ್ತೆಯ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಬೇಕು. ಕಸಾರಾ ಘಾಟಿ ಇಳಿದು ನೂರೆಪ್ಪತ್ತು ಕಿಲೋಮೀಟರು ಹೋಗಿ ಬರಲು ನಮ್ಮವನೊಬ್ಬ ಒಂದು ದಿನದ ಪಗಾರ ಬಿಡಬೇಕು. ಅಷ್ಟು ದಿನ ಗಾಡಿ ನಿಂತಿರುತ್ತದೆ. ರೋಗ ಸಾಮಾನು ಬರುವ ತನಕ ಕಾಯುತ್ತದೆಯೇ?

ಮಿಲ್ಲಿನ ಅಣ್ಣನ ಊದುವ ವಿದ್ಯೆಯ ವಿಷಯ. ಅವರಿದ್ದರೆ ಆ ಗಾಡಿ ನಿಲ್ಲದು, ನನಗೆ ಸಂಶಯವಿಲ್ಲ. ಆದರೆ ಅವರಿಗೆ ಎಪ್ಪತ್ತು ಆಯಿತು. ನಮ್ಮಲ್ಲಿ ಲೈಸೆನ್ಸು ಇರುವ ಐದು ಮಂದಿಯಲ್ಲಿ ಸ್ಟಿಯರಿಂಗ್ ಗೇರು ಹಾಕಿ ಗೊತ್ತಿರುವವನು ಒಬ್ಬನೇ. ರಾತ್ರಿ ಒಂದು ಗಂಟೆಗೆ ಯಾರು ಎದ್ದರೋ ಅವರು ಓಡಿಸಬೇಕಾದ ಗಾಡಿ ಇದು. ಚೋಕು ಎಷ್ಟು ಎಳೆಯಬೇಕು, ಬ್ರೇಕು ಎರಡು ಸಲ ತುಳಿಯಬೇಕೋ ಮೂರು ಸಲವೋ ಎಂದು ಅಣ್ಣನ ಖೋಲಿಯ ಬಾಗಿಲು ತಟ್ಟಿ ಕೇಳುತ್ತ ಕೂರಲಾಗದು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿನ ಗಾಡಿ ಅದು. ಮಳೆನೀರು ಹೊಕ್ಕರೆ ಹಿಡಿತ ಕಡಿಮೆಯಾಗುತ್ತದೆ ಎಂಬುದನ್ನು ಅವರೇ ನನಗೆ ಹೇಳಿದ್ದು.

ಪೆಟ್ರೋಲೂ ಹಿಂದಿನ ಪೆಟ್ರೋಲಲ್ಲ. ಆ ಇಂಜಿನು ಸೀಸ ಬೆರೆಸಿದ ಪೆಟ್ರೋಲಿನ ಕಾಲದ್ದು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸ ನಿಂತಿತು, ಅದು ಒಳ್ಳೆಯದೇ ಆಯಿತು, ನಮ್ಮ ಮಕ್ಕಳ ಮೈಗೆ ವಿಷ ಹೋಗುವುದು ತಪ್ಪಿತು. ಈಗ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಪೆಟ್ರೋಲು ಬಂದಿದೆ. ಎಥನಾಲ್ ಎಂದರೆ ಬೇರೇನಲ್ಲ, ಕಬ್ಬು ಮತ್ತು ಧಾನ್ಯದಿಂದ ತೆಗೆಯುವ ಮದ್ಯಸಾರ. ಕಡವಾ ಸಹಕಾರಿ ಸಕ್ಕರೆ ಕಾರ್ಖಾನೆ ಇರುವ ಈ ತಾಲೂಕಿನಲ್ಲಿ ಕಬ್ಬಿನ ರೈತನಿಗೆ ಅದರಿಂದ ನಾಲ್ಕು ಕಾಸು ಸಿಕ್ಕರೆ ನಮಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ಅದು ನೀರನ್ನು ಹೀರುತ್ತದೆ, ಹಳೆಯ ಟ್ಯಾಂಕಿನ ತುಕ್ಕನ್ನು ಎಬ್ಬಿಸಿ ಕಾರ್ಬುರೇಟರಿಗೆ ತಂದು ತುಂಬುತ್ತದೆ, ಹಳೆಯ ರಬ್ಬರಿನ ಕೊಳವೆಗಳನ್ನು ತಿನ್ನುತ್ತದೆ. 2023ರ ಏಪ್ರಿಲಿಗಿಂತ ಮೊದಲಿನ ಈಕೋ ಕೂಡ ಆ ಪೆಟ್ರೋಲಿಗೆಂದೇ ಕಟ್ಟಿದ್ದಲ್ಲ, ನಿಜ. ಆದರೂ ಮೂವತ್ತೈದು ವರ್ಷದ ಕಾರ್ಬುರೇಟರಿಗೆ ಆಗುವಷ್ಟು ತೊಂದರೆ ಅದಕ್ಕಿಲ್ಲ.

ಕೆಲವರು ಹೆದರಿಸಿದ್ದಾರೆ, ಸರಕಾರ ಹಳೆ ಗಾಡಿಯನ್ನು ಭಂಗಾರಕ್ಕೆ ಎಳೆದೊಯ್ಯುತ್ತದೆ ಎಂದು. ಈ ಮಾತು ಹಾಗೆಯೇ ನಿಜವಲ್ಲ. ದಿಲ್ಲಿಯ ಕಡೆಯ ಕಟ್ಟಳೆ ಬೇರೆ. ಮುಂಬಯಿಯ ಇಪ್ಪತ್ತು ವರ್ಷದ ಕಟ್ಟಳೆ ಟ್ಯಾಕ್ಸಿಗೆ. ನಮ್ಮ ಕಡೆ ಸ್ವಂತ ಬಳಕೆಯ ಕಾರು ಹದಿನೈದು ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ ತಪಾಸಣೆಯಲ್ಲಿ ಪಾಸಾದರೆ ಓಡಬಹುದು. ಆದರೆ ಅದಕ್ಕೆ ತೆರುವ ಫೀಸು ಏರಿದೆ. ಮೊದಲು 600 ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದು ಮಾಡಿದರು. ಮೇಲೆ ಪರಿಸರ ತೆರಿಗೆ ಬೇರೆ. ಪದ್ಮಿನಿಯನ್ನು ವಿಂಟೇಜ್ ಎಂದು ಬರೆಸಿಬಿಡೋಣ ಎಂದು ನಮ್ಮ ಕೌಂಟರಿನ ಗೆಳೆಯರೊಬ್ಬರು ಸೂಚಿಸಿದರು. 2021ರಲ್ಲಿ ಬಂದ ಆ ನಿಯಮಕ್ಕೆ ಗಾಡಿ ಐವತ್ತು ವರ್ಷ ದಾಟಿರಬೇಕು, 20,000 ಫೀಸು ಕಟ್ಟಬೇಕು, ಮತ್ತು ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ್‍ಯಾಲಿಗೆ, ರಿಪೇರಿಗೆ ಮಾತ್ರ. ನಮ್ಮ ಕೆಲಸಕ್ಕೆ ಅದು ಹೊಂದದು.

ಈಗ ನಾನು ಬಹಳ ವಿಚಾರಿಸಿದ ವಿಷಯಕ್ಕೆ ಬರುತ್ತೇನೆ. "ಹಳೇ ಗಾಡಿಯ ತಗಡು ದಪ್ಪ, ಗುದ್ದಿದರೆ ಎದುರಿನವನಿಗೆ ಪೆಟ್ಟು, ಈಗಿನದು ಡಬ್ಬಿ" ಎಂದು ಈ ಸಭೆಯಲ್ಲೇ ಮೂವರು ಹೇಳಿದರು. ಇದು ಎಲ್ಲ ಊರಿನಲ್ಲೂ ಹೇಳುವ ಮಾತು. ಅಮೆರಿಕದಲ್ಲಿ ವಿಮಾ ಕಂಪೆನಿಗಳು ನಡೆಸುವ ರಸ್ತೆ ಸುರಕ್ಷತೆಯ ಸಂಸ್ಥೆಯೊಂದಿದೆ. ಅದು 2009ರಲ್ಲಿ ತನ್ನ ಐವತ್ತನೆಯ ವರ್ಷಕ್ಕೆ 1959ರ ಷೆವ್ರೊಲೆ ಬೆಲ್ ಏರ್ ಎಂಬ ಆನೆಯಂಥ ಕಾರನ್ನೂ 2009ರ ಷೆವ್ರೊಲೆ ಮಾಲಿಬುವನ್ನೂ ಗಂಟೆಗೆ 64 ಕಿಲೋಮೀಟರು ವೇಗದಲ್ಲಿ ಎದುರುಬದುರು ಗುದ್ದಿಸಿತು. ಡ್ರೈವರಿನ ಜಾಗದಲ್ಲಿ ಗೊಂಬೆಗಳಿದ್ದವು. ಹಳೆಯ ಕಾರಿನ ಕೂರುವ ಜಾಗವೇ ಕುಸಿದು ಸ್ಟಿಯರಿಂಗು ಎದೆಗೆ ಬಂತು. ಅಲ್ಲಿ ಮನುಷ್ಯನಿದ್ದರೆ ಬದುಕುತ್ತಿರಲಿಲ್ಲ. ಹೊಸದರಲ್ಲಿದ್ದವನಿಗೆ ಕಾಲಿಗೆ ಪೆಟ್ಟು, ಅಷ್ಟೆ. ಕಾರಣ ಇಷ್ಟೆ: ಹೊಸ ಗಾಡಿಯ ಮೂತಿ ತಾನು ನುಗ್ಗಾಗಿ ಗುದ್ದನ್ನು ತಿನ್ನುತ್ತದೆ, ಒಳಗಿನ ಗೂಡು ನಿಲ್ಲುತ್ತದೆ. ಹಳೆಯದರ ಗಟ್ಟಿ ಮೂತಿ ಗುದ್ದನ್ನು ಒಳಗೆ ಕೂತವನಿಗೆ ಸಾಗಹಾಕುತ್ತದೆ. ಮೊಟ್ಟೆಯ ಟ್ರೇ ಯಾಕೆ ಕಾಗದದ್ದು, ಕಬ್ಬಿಣದ್ದಲ್ಲ ಎಂದು ಸ್ಟೋರು ನೋಡುವವರನ್ನು ಕೇಳಿ.

ಹಾಗೆಂದು ಈಕೋವನ್ನು ನಾನು ಹೊಗಳಲಾರೆ. 2016ರ ಮೇ ತಿಂಗಳಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಗಾಡಿಗಳನ್ನು ಗುದ್ದಿಸಿ ನೋಡಿದಾಗ ಏರ್‌ಬ್ಯಾಗ್ ಇಲ್ಲದ ಈಕೋಗೆ ಸಿಕ್ಕಿದ್ದು ಸೊನ್ನೆ. ಅದರ ಸಂಗಡ ನಾಸಿಕದಲ್ಲಿ ತಯಾರಾದ ಸ್ಕಾರ್ಪಿಯೋಗೂ, ಏರ್‌ಬ್ಯಾಗಿಲ್ಲದ ಮಾದರಿಗೆ, ಸೊನ್ನೆ. ದೊಡ್ಡ ಗಾಡಿ ಎಂದ ಮಾತ್ರಕ್ಕೆ ಆಗಲಿಲ್ಲ. ಆ ಮೇಲೆ ಕಾನೂನು ಬಿಗಿಯಾಯಿತು. 2019ರ ಏಪ್ರಿಲಿನಿಂದ ಜಾರುವಾಗಲೂ ಚಕ್ರ ಕಚ್ಚದ ಎಬಿಎಸ್ ಬ್ರೇಕು, ಜುಲೈಯಿಂದ ಡ್ರೈವರಿಗೆ ಏರ್‌ಬ್ಯಾಗ್ ಕಡ್ಡಾಯ. ಎರಡು ಏರ್‌ಬ್ಯಾಗ್ ಎಲ್ಲ ಕಾರಿಗೂ ಬಂದದ್ದು 2022ರ ಹೊತ್ತಿಗೆ. ಹಾಗಾಗಿ ನಾವು ನೋಡಿದ 2020ರ ಈಕೋದಲ್ಲಿ ಡ್ರೈವರಿಗೆ ಮಾತ್ರ ಏರ್‌ಬ್ಯಾಗ್ ಇದೆ. ಪಕ್ಕದವನಿಗೆ ಬೆಲ್ಟೇ ಗತಿ. ಹಿಂದೆ ಕೂತವರೂ ಬೆಲ್ಟು ಹಾಕಲೇಬೇಕು, ಸಂಘದ ಗಾಡಿಯಲ್ಲಿ ಇದು ನಿಯಮವಾಗಲಿ. ಇದೇ ಕಾರಣಕ್ಕೆ 2.60 ಲಕ್ಷಕ್ಕೆ ಸಿಗುತ್ತಿದ್ದ 2015ರ ಇನ್ನೊಂದು ಈಕೋವನ್ನು ನಾನು ತಮ್ಮ ಮುಂದೆ ತರಲೇ ಇಲ್ಲ. ನಿಧಿಯೊಳಗೇ ಬರುತ್ತಿತ್ತು, ನಿಜ. ಆಸ್ಪತ್ರೆಗೆ ಹೊರಟವನನ್ನು ಅದರಲ್ಲಿ ಕೂರಿಸಲು ನನ್ನ ಮನಸ್ಸು ಒಪ್ಪಲಿಲ್ಲ.

ಬೊಲೆರೊ ಯಾಕಿಲ್ಲ, ನಮ್ಮ ನಾಸಿಕದ್ದೇ ಗಾಡಿಯಲ್ಲವೇ ಎಂದು ವಣಿಯವರು ಕೇಳಿದ್ದಾರೆ. ಒಳ್ಳೆಯ ಗಾಡಿ, ಈ ರಸ್ತೆಗೆ ಹೇಳಿಸಿದ್ದು. ಆದ್ದರಿಂದಲೇ ದ್ರಾಕ್ಷಿಯವರು ಬಿಡುವುದಿಲ್ಲ, ಬೆಲೆ ಇಳಿಯುವುದಿಲ್ಲ. ಸಿಎನ್‌ಜಿ ಈಕೋದಲ್ಲಿ ಸಿಲಿಂಡರು ಹಿಂದಿನ ಜಾಗವನ್ನು ನುಂಗುತ್ತದೆ, ಹಾಸಿಗೆ ಸುರುಳಿ, ಗಾಲಿಕುರ್ಚಿ ಇಡಲಾಗದು. ಪೆಟ್ರೋಲಿನದೇ ಸಾಕು. ಅದರ ಪಕ್ಕದ ಬಾಗಿಲು ಜಾರಿಸುವಂಥದ್ದು. ಕಾಲಿಗೆ ಕಟ್ಟು ಹಾಕಿದವನನ್ನು ಇಬ್ಬರು ಹಿಡಿದು ಕೂರಿಸುವಾಗ ಅದರ ಬೆಲೆ ತಿಳಿಯುತ್ತದೆ.

ಪದ್ಮಿನಿಯ ಪರವಾಗಿ ಇನ್ನೂ ಒಂದು ಮಾತುಂಟು, ಅದನ್ನು ಮುಚ್ಚಿಡಲಾರೆ. ಹತ್ತು ವರ್ಷ ಬಿಟ್ಟು ಮಾರಿದರೆ ಈಕೋಗೆ ಚೂರುಪಾರು ಸಿಕ್ಕೀತು. ಪದ್ಮಿನಿಗೆ ಇಂದಿಗಿಂತ ಹೆಚ್ಚು ಸಿಗಲೂಬಹುದು. ಭಾನುವಾರ ಮುಂಬಯಿಯಿಂದ ವೈನಿನ ತೋಟ ನೋಡಲು ಈ ರಸ್ತೆಗೆ ಬರುವ ಶ್ರೀಮಂತರು ಅಂಥ ಗಾಡಿ ಕಂಡರೆ ಬ್ರೇಕು ಹಾಕಿ ಬೆಲೆ ಕೇಳುತ್ತಾರೆ. ಆದರೆ ಆ ಬೆಲೆ ಬರುವುದು ಶೆಡ್ಡಿನಲ್ಲಿ ಬಟ್ಟೆ ಮುಚ್ಚಿ ಕೂತ ಗಾಡಿಗೆ. ನಮ್ಮ ಕೈಗೆ ಬಂದು ಮಳೆಯಲ್ಲಿ, ಕೆಸರಿನಲ್ಲಿ ಐದು ಮಂದಿ ಡ್ರೈವರುಗಳ ಕೆಳಗೆ ಓಡಿದರೆ ಎರಡೇ ವರ್ಷದಲ್ಲಿ ಅದು ಹಳೇ ಕಬ್ಬಿಣ. ಮೂವತ್ತೈದು ವರ್ಷ ಒಂದು ಮನೆಯವರು ಕಾಪಾಡಿದ ವಸ್ತುವನ್ನು ಹಾಗೆ ಹಾಳುಮಾಡುವುದೂ ನನಗೆ ಸರಿಕಾಣುವುದಿಲ್ಲ. ಅದು ಅದನ್ನು ನೋಡಿಕೊಳ್ಳಬಲ್ಲವರ ಮನೆಗೆ ಹೋಗಲಿ.

ಆದ್ದರಿಂದ ಈಕೋವನ್ನೇ ಕೊಳ್ಳಬೇಕೆಂದು ನನ್ನ ಶಿಫಾರಸು. ಕಡಿಮೆ ಬೀಳುವ 90,000ವನ್ನು ಪತಪೇಢಿಯಿಂದ ಸಂಘದ ಹೆಸರಿನಲ್ಲಿ ಎತ್ತೋಣ. ಬಡ್ಡಿ ವ್ಯಾಪಾರದವರ ಬಾಗಿಲಿಗೆ ಹೋಗಕೂಡದು. ತಿಂಗಳ ವಂತಿಗೆ 12,000 ಬರುತ್ತದೆ. ಪೆಟ್ರೋಲಿಗೆ 3,600, ವಿಮೆ-ರಿಪೇರಿಗೆಂದು 1,400 ತೆಗೆದಿಟ್ಟರೆ 7,000 ಕಂತಿಗೆ ಉಳಿಯುತ್ತದೆ. ಹದಿನಾಲ್ಕು ತಿಂಗಳಲ್ಲಿ ಸಾಲ ತೀರುತ್ತದೆ.

ಕೊಳ್ಳುವಾಗ ನೋಡಬೇಕಾದದ್ದನ್ನೂ ಹೇಳಿಬಿಡುತ್ತೇನೆ. ತಮ್ಮಲ್ಲಿ ಯಾರಾದರೂ ಊರಿನಲ್ಲಿ ತಮ್ಮನಿಗೆ ರಿಕ್ಷಾ ಕೊಡಿಸುವಾಗಲೂ ಬರುತ್ತದೆ. ಇಂಜಿನು ತಣ್ಣಗಿರುವಾಗ ನಾವೇ ಹೋಗಿ ಶುರು ಮಾಡಿಸಬೇಕು. ಬಿಸಿಮಾಡಿ ಇಟ್ಟಿದ್ದರೆ ಅನುಮಾನ ಪಡಿ. ನೀಲಿ ಹೊಗೆ ಬಂದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಮೀಟರು ನಲವತ್ತು ಸಾವಿರ ತೋರಿಸಿ ಕ್ಲಚ್ಚು-ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದರೆ ಮೀಟರು ಸುಳ್ಳು ಹೇಳುತ್ತಿದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಉಳಿದೆರಡು ಇಸವಿ. ನೆಲದ ಚಾಪೆ ಎತ್ತಿ ನೋಡಿ, ಒಣಗಿದ ಕೆಸರಿದ್ದರೆ ಗಾಡಿ ನೆರೆಯಲ್ಲಿ ಮುಳುಗಿದೆ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ಆರಬೇಕು. ಹೊತ್ತದಿದ್ದರೂ ಆರದಿದ್ದರೂ ಬೇಡ. ಚಾಸಿ ನಂಬರು ಆರ್.ಸಿ.ಯ ನಂಬರಿಗೆ ಕೂಡಬೇಕು. ಬ್ಯಾಂಕಿನ ಸಾಲ ತೀರಿದ ಪತ್ರ, ಬಾಕಿ ಚಲಾನು ಇಲ್ಲವೆಂಬ ಖಾತ್ರಿ, ಇವಿಲ್ಲದೆ ಮುಂಗಡ ಕೊಡಕೂಡದು.

ಕಾಗದದ ಕೆಲಸದಲ್ಲಿ ಸಡಿಲ ಬೇಡ. ಇದೇ ರಾಜ್ಯದೊಳಗಿನ ಮಾರಾಟವಾದರೆ ಮಾರಿದವನು ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡವರು ಮೂವತ್ತು ದಿನದೊಳಗೆ ಹೆಸರು ಬದಲಿಸಿಕೊಳ್ಳಬೇಕು. ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ಮಾರುವವನಿಗೂ ಇದರಲ್ಲಿ ಹಿತವುಂಟು. ನಮ್ಮ ಗಾಡಿ ಸಂಘದ ಹೆಸರಿನಲ್ಲೇ ಆಗಬೇಕು. ಕಾರ್ಯದರ್ಶಿಯ ಹೆಸರಿನಲ್ಲೂ ಬೇಡ, ನನ್ನ ಹೆಸರಿನಲ್ಲೂ ಬೇಡ. ಬಿಳಿ ನಂಬರು ಹಲಗೆಯ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ರೋಗಿಯಿಂದಾಗಲಿ ಮನೆಯವರಿಂದಾಗಲಿ ಒಂದು ಪೈಸೆ ತೆಗೆದುಕೊಂಡರೆ ಪರ್ಮಿಟಿಲ್ಲದ ಬಾಡಿಗೆಯಾಗುತ್ತದೆ, ವಿಮಾ ಕಂಪೆನಿಯವರಿಗೆ ನೆವ ಸಿಗುತ್ತದೆ. ಮದುವೆಗೆ, ಸಪ್ತಶೃಂಗಿಯ ಚೈತ್ರ ಜಾತ್ರೆಗೆ ಗಾಡಿ ಕೊಡಿ ಎಂದು ಮಾಲೀಕರು ಕೇಳಿದರೆ ಕೈ ಮುಗಿದು ಇಲ್ಲ ಎನ್ನಬೇಕು. ಇನ್ನು, ದಾರಿಯಲ್ಲಿ ಅಪಘಾತಕ್ಕೆ ಸಿಕ್ಕ ಪರರನ್ನು ಕಂಡರೆ ಪೋಲೀಸರಿಗೆ ಹೆದರಿ ಮುಂದೆ ಹೋಗಬೇಡಿ. ಗಾಯಾಳುವನ್ನು ಆಸ್ಪತ್ರೆಗೆ ಮುಟ್ಟಿಸಿದವನನ್ನು ಕಾಡಕೂಡದೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, 2019ರ ತಿದ್ದುಪಡಿಯಲ್ಲಿ ಮೋಟಾರು ಕಾಯಿದೆಗೂ ಅದು ಸೇರಿದೆ.

ಬರುವ ಸೋಮವಾರ ಬೆಳಿಗ್ಗೆ ಈಕೋ ನೋಡಲು ಮಿಸ್ತ್ರಿಯನ್ನು ಕರೆದುಕೊಂಡು ಇಬ್ಬರು ನಾಸಿಕಕ್ಕೆ ಹೋಗುವುದು. ಮಿಲ್ಲಿನ ಅಣ್ಣನೂ ಜೊತೆಗೆ ಬರಬೇಕೆಂದು ಸಭೆಯ ಪರವಾಗಿ ಕೇಳಿಕೊಳ್ಳುತ್ತೇನೆ. ಗಾಡಿ ಯಾವ ಕಾಲದ್ದಾದರೂ ಬೇರಿಂಗು ಸವೆದ ಸದ್ದು ಅವರ ಕಿವಿಗೆ ತಪ್ಪುವುದಿಲ್ಲ. ಅವರು ಬೇಡ ಎಂದರೆ ಕೊಳ್ಳುವುದಿಲ್ಲ, ಬೇರೆ ಹುಡುಕುತ್ತೇವೆ. ಪದ್ಮಿನಿಯ ಮನೆಯವರಿಗೆ ನಾನೇ ಹೋಗಿ ತಿಳಿಸಿ ಬರುತ್ತೇನೆ.

ಠರಾವಿನ ಕಾಗದ ಅಧ್ಯಕ್ಷರ ಮುಂದಿದೆ. ಸಾಲದ ವಿಷಯವನ್ನೂ ಗಾಡಿಯ ವಿಷಯವನ್ನೂ ಬೇರೆ ಬೇರೆಯಾಗಿ ಮತಕ್ಕೆ ಹಾಕಬೇಕೆಂದು ವಿನಂತಿ. ಚಹಾದ ಹೊತ್ತಾಗುತ್ತ ಬಂತು. ಪ್ರಶ್ನೆ ಇದ್ದವರು ಈಗಲೇ ಎದ್ದು ಕೇಳಿರಿ.